ಭೀಮಬಾಯಿಯ ಎರಡನೆಯ ಗಿಳಿ

ಬಾಗಿಲಲ್ಲಿ ನಿಂತವನು ಹೆಲ್ಮೆಟ್ ಕೂಡ ತೆಗೆದಿರಲಿಲ್ಲ.

“ಭಂಗಾರ್ ವ್ಯಾಪಾರ ಮಾಡೋ ಟೀಚರ್ ಮನಿ ಇದೇ ಏನ್ರಿ?” ಎಂದು ಕೇಳಿದ.

ಬೇರೆ ದಿನವಾಗಿದ್ದರೆ ಸರಿತಾಳಿಗೆ ಸಿಟ್ಟು ಬರುತ್ತಿತ್ತು. ಬಸವಕಲ್ಯಾಣದ ಹೈಸ್ಕೂಲೊಂದರಲ್ಲಿ ಅವಳು ಡ್ರಾಯಿಂಗ್ ಟೀಚರ್. ಅಜ್ಜಿಯರ ಕಾಲದ ಚಂದದ ಸಾಮಾನುಗಳನ್ನು ಗುಜರಿಯವರ ಕೈಯಿಂದ ಬಿಡಿಸಿ ತಂದು ಮನೆಯಲ್ಲಿಟ್ಟುಕೊಳ್ಳುವುದು ಅವಳ ಹುಚ್ಚು. ಒಂದನ್ನೂ ಮಾರಿದವಳಲ್ಲ. ನವಿಲು ಬರೆದ ತಗಡಿನ ಟ್ರಂಕು, ಗುಲಾಬಿ ಹೂವಿನ ಎನಾಮಲ್ ಟ್ರೇ, ಗಾಜಿನ ಹಿಂಬದಿಗೆ ಬಣ್ಣ ಹಚ್ಚಿ ಬರೆದ ಪಟ, ರೇಡಿಯೋಕ್ಕೆಂದು ಯಾರೋ ಕ್ರೋಶಾದಲ್ಲಿ ಹೆಣೆದ ಹೊದಿಕೆ, ಹೀಗೆ ಅರವತ್ತು ಎಪ್ಪತ್ತು ವರ್ಷ ಹಿಂದಿನ ಹೆಂಗಸರ ಕೈಗೆಲಸ, ಮನೆಗೆಲಸದ ನಡುವೆ ಕದ್ದ ಹೊತ್ತಿನಲ್ಲಿ ಮಾಡಿದ್ದು, ಒಳಗಿನ ಕೋಣೆಯ ತುಂಬ ಇತ್ತು. ಊರಿನವರ ಬಾಯಲ್ಲಿ ಮಾತ್ರ ಅದು ಗುಜರಿ, ಭಂಗಾರ್. “ಮಂದಿ ಬಂಗಾರ ಕೂಡಿಡ್ತಾರ, ನನ್ನ ಮಗಳು ಭಂಗಾರ ಕೂಡಿಡ್ತಾಳ” ಎಂದು ಅವಳ ತಾಯಿ ಕಮಳಾಬಾಯಿ ಬಂದವರೆದುರು ಹೇಳಿ ನಗುತ್ತಿದ್ದಳು. ಬಂದವರು ಹೋದ ಮೇಲೆ ಕಣ್ಣೊರೆಸಿಕೊಳ್ಳುತ್ತಿದ್ದಳು. ಗೊತ್ತಾಗಿದ್ದ ಒಂದು ಸಂಬಂಧ, ಗಂಡಿನ ಕಡೆಯವರು ಆ ಕೋಣೆ ನೋಡಿದ ಮೇಲೆಯೇ ಮುರಿದುಹೋಗಿತ್ತು. ಸತ್ತವರ ಸಾಮಾನು ತುಂಬಿಕೊಂಡ ಹುಡುಗಿ ನಮಗೆ ಬೇಡ ಅಂದಿದ್ದರು.

ಆದರೆ ಆ ಭಾನುವಾರ ಸಿಟ್ಟಾಗುವಷ್ಟು ಧೈರ್ಯ ಸರಿತಾಳಲ್ಲಿ ಉಳಿದಿರಲಿಲ್ಲ. 

“ವ್ಯಾಪಾರ ಅಲ್ಲರಿ. ಸುಮ್ನ ಕೂಡಿಡ್ತೇನಿ” ಎಂದಳು.

ಅವನು ಹೆಲ್ಮೆಟ್ ತೆಗೆದ. ಮೂವತ್ತೈದರ ಆಸುಪಾಸಿನ ಗಂಡಸು. ಮೂಗಿನ ಎರಡೂ ಬದಿಗೆ ಕನ್ನಡಕ ಒತ್ತಿದ ಕೆಂಪು ಗುರುತು, ಕಣ್ಣಿಗೆ ಮಾತ್ರ ಕನ್ನಡಕವಿಲ್ಲ. ಹೆಸರು ಪ್ರೇಮಕುಮಾರ, ಹುಮನಾಬಾದಿನವನು, ಅಲ್ಲಿಯ ಔಷಧ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ ಎಂದು ಹೇಳಿಕೊಂಡ. ಮೂಗಿನ ಮೇಲಿನ ಗುರುತು ಲ್ಯಾಬಿನಲ್ಲಿ ದಿನವಿಡೀ ಹಾಕುವ ಗಾಗಲ್ಸಿನದು.

ತಮ್ಮನ ಮದುವೆಗೆ ಮನೆಗೆ ಬಣ್ಣ ಬಳಿಸುವಾಗ ಅವನ ಚಿಕ್ಕಮ್ಮ ಹಳೆಯದನ್ನೆಲ್ಲ ಗುಜರಿ ಜಲಾಲುದ್ದೀನನ ಗಾಡಿಗೆ ಹಾಕಿಬಿಟ್ಟಿದ್ದಳಂತೆ. ಅದರಲ್ಲಿ ಅವನ ಅಜ್ಜಿ ಭೀಮಬಾಯಿ ಮದುವೆಗೆ ಮುಂಚೆ ಗಾಜಿನ ಮಣಿಯಲ್ಲಿ ಹೆಣೆದ ಎರಡು ಗಿಳಿಗಳ ಪಟವೂ ಹೋಗಿತ್ತು. ಅದನ್ನು ಕಲ್ಯಾಣದ ಟೀಚರೊಬ್ಬರು ಒಯ್ದರೆಂದು ಜಲಾಲುದ್ದೀನ್ ಹೇಳಿದ್ದ.

“ಆಯಿಗೆ ಕಣ್ಣು ಮಂಜಾಗ್ಯಾವ್ರಿ. ಅಡಗಿ ಮನಿಗೆ ಹೋಗ್ತಾ ಬರ್ತಾ ಆ ಗಿಳಿ ಮುಟ್ಟತಿದ್ಲು. ಈಗ ಖಾಲಿ ಗ್ವಾಡಿ ಮುಟ್ಟಿ ಮುಟ್ಟಿ ನೋಡ್ತಾಳ. ಯಾರ ಮ್ಯಾಲೂ ಸಿಟ್ಟು ಮಾಡಿಲ್ಲ. ಮಾಡಿದ್ರ ಛಲೋ ಇತ್ತು.”

ಒಳಗಿನ ಕೋಣೆಯ ಬಾಗಿಲು ಸರಿತಾಳ ಬೆನ್ನ ಹಿಂದೆಯೇ ಇತ್ತು. ಅದರಾಚೆ ಬಿಳಿ ಚಾದರದ ಮೇಲೆ ಆ ಗಿಳಿಗಳಿದ್ದವು. ಇದ್ದವು ಅನ್ನುವುದಕ್ಕಿಂತ ಒಂದು ಇತ್ತು. ಇನ್ನೊಂದು ಬೆಳಿಗ್ಗೆ ಅವಳ ಕೈಯಲ್ಲೇ ಚದುರಿಹೋಗಿತ್ತು. ಮಸಿ ತೊಳೆಯಲೆಂದು ಚೌಕಟ್ಟಿನ ಹಿಂದಿನ ಮೊಳೆ ಬಿಚ್ಚಿ ಎತ್ತಿದ್ದಳು, ಅಷ್ಟೇ. ಹಳೆಯ ಹತ್ತಿ ದಾರ ಹಿಟ್ಟಾಗಿತ್ತು. ಬಲಗಡೆಯ ಗಿಳಿ ಜೋಳದ ಕಾಳಿನಂತೆ ನೆಲದ ಮೇಲೆಲ್ಲ ಉರುಳಿ, ಮಂಚದ ಕೆಳಗೆ, ಹೊಸ್ತಿಲ ಸಂದಿಗೆ ಹರಿದುಹೋಗಿತ್ತು. ಆಗಿನಿಂದ ಅವಳು ಒಂದೊಂದೇ ಮಣಿ ಆರಿಸುತ್ತಿದ್ದಳು.

ಈಗಲೇ ಹೇಳಬೇಕು ಅನ್ನಿಸಿತು. ಬಾಯಿ ತೆರೆದಾಗ ಬಂದದ್ದು ಬೇರೆಯೇ.

“ಅದು ಇಲ್ಲಿಲ್ಲರಿ. ಕಲಬುರ್ಗಿಗೆ ಕಟ್ಟು ಹಾಕಿಸಾಕ ಕೊಟ್ಟೇನಿ. ಸ್ಟೇಷನ್ ಹತ್ರ ಒಂದು ಅಂಗಡ್ಯಾಗ.”

ಅವನ ಮುಖ ಹಗುರಾಯಿತು. ಎಲ್ಲಿ ಹಾಳಾಯಿತೋ ಅಂತ ಅಂಜಿದ್ದೆ, ಸರಿಯಾದ ಕೈಗೇ ಸಿಕ್ಕಿದೆ ಬಿಡಿ ಎಂದ. ಆ ಮಾತು ಸರಿತಾಳಿಗೆ ಸೂಜಿ ಚುಚ್ಚಿದಂತಾಯಿತು. ಗುಲಾಬಿ ಹೂವಿನ ಟ್ರೇಯಲ್ಲಿ ನೀರು ತಂದುಕೊಟ್ಟಳು. ಅವನು ಲೋಟ ಎತ್ತಿಕೊಂಡು ಟ್ರೇಯನ್ನು ಬೆಳಕಿಗೆ ಹಿಡಿದು ನೋಡಿದ.

“ಇಂಥಾದ್ರಾಗ ನಮ್ಮನ್ಯಾಗ ಕೋಳಿಗೆ ಕಾಳು ಹಾಕ್ತಿದ್ವಿ” ಎಂದ. “ಗುಲಾಬಿ ಇತ್ತು ಅಂತ ಕೋಳಿಗೂ ಗೊತ್ತಿರ್ಲಿಲ್ಲ, ನನಗೂ ಗೊತ್ತಿರ್ಲಿಲ್ಲ.”

ಅಷ್ಟು ಗಾಬರಿಯಲ್ಲೂ ಅವಳಿಗೆ ನಗು ಬಂತು. ಅವನು ಆ ನಗುವನ್ನು ನೋಡಿದ, ಟ್ರೇ ನೋಡಿದಷ್ಟೇ ನಿಧಾನವಾಗಿ.

ಮಹಾಶಿವರಾತ್ರಿ ಕಳೆದ ಮೇಲೆ ಅಜ್ಜಿಯ ಕಣ್ಣಿನ ಪೊರೆ ತೆಗೆಸುವುದಿತ್ತು. ಪಟ್ಟಿ ಬಿಚ್ಚಿದಾಗ ಮೊದಲು ನನ್ನ ಗಿಳಿ ತೋರಿಸಿ ಎಂದು ಅವಳು ಕೇಳಿಕೊಂಡಿದ್ದಳು. ಅಷ್ಟರೊಳಗೆ ಸಿಕ್ಕರೆ ಸಾಕು ಎಂದು ಹೇಳಿ, ನಂಬರು ಕೊಟ್ಟು, ಪ್ರೇಮಕುಮಾರ ಮೆಟ್ಟಿಲಿಳಿದು ಹೋದ. ಬೈಕಿನ ಸದ್ದು ಕರಗುವವರೆಗೆ ಸರಿತಾ ಬಾಗಿಲು ಹಿಡಿದು ನಿಂತೇ ಇದ್ದಳು. ಅಷ್ಟರೊಳಗೆ ಮತ್ತೆ ಹೆಣೆದರಾಯಿತು, ಯಾರಿಗೂ ತಿಳಿಯುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

ಹೆಣೆಯುವುದು ಅವಳಿಗೆ ಬರುತ್ತಿತ್ತು. ಎಡಗಡೆಯ ಗಿಳಿ ಅಸ್ತರಿಗೆ ಅಂಟಿಕೊಂಡು ಉಳಿದಿತ್ತು. ಬಾಯಲ್ಲಿ ಹಳದಿ ಮಾವಿನಹಣ್ಣು ಹಿಡಿದು ಬಲಕ್ಕೆ ನೋಡುತ್ತಿತ್ತು. ಅದರ ಚಿತ್ರವನ್ನು ಚೌಕಳಿ ಹಾಳೆಯ ಮೇಲೆ ಇಳಿಸಿಕೊಂಡು, ಗಟ್ಟಿ ನೈಲಾನ್ ದಾರದಲ್ಲಿ ಸಾಲು ಸಾಲಾಗಿ ಮತ್ತೆ ಕಟ್ಟಿದಳು. ಶಾಲೆಯಿಂದ ಬಂದವಳು ಚಹಾ ಕುಡಿದು ಕೂತರೆ ಏಳುತ್ತಿರಲಿಲ್ಲ. ಆದರೆ ಎರಡನೆಯ ಗಿಳಿಯದು ಒಂದು ಗೆರೆಯೂ ಅವಳ ಹತ್ತಿರ ಇರಲಿಲ್ಲ. ಪಟ ಅಡುಗೆಮನೆಯ ಪಕ್ಕದ ಗೋಡೆಯಲ್ಲಿದ್ದು ಬಲಭಾಗವೆಲ್ಲ ಒಲೆಯ ಮಸಿ ಕೂತು ಕಪ್ಪಾಗಿತ್ತು. ಗುಜರಿ ಅಂಗಡಿಯಲ್ಲಿ ಅವಳು ಮೊಬೈಲಿನಲ್ಲಿ ತೆಗೆದುಕೊಂಡಿದ್ದ ಫೋಟೋದಲ್ಲಿಯೂ ಅಲ್ಲೊಂದು ಕರೀ ಗುಡ್ಡೆ ಕಾಣುತ್ತಿತ್ತು, ಅಷ್ಟೇ.

ಮುಂದಿನ ಭಾನುವಾರ ಅವನು ಮತ್ತೆ ಬಂದ. ಪಟ ಬಂತೇ ಎಂದು ಕೇಳಿದ. ಅಂಗಡಿಯವನ ಮನೆಯಲ್ಲಿ ಏನೋ ಕಾರ್ಯವಂತೆ ಎಂದಳು. ಅದರ ಮುಂದಿನ ವಾರ ಅಂಗಡಿಯವನಿಗೆ ಜ್ವರ ಬಂತು. ಒಂದು ಸುಳ್ಳಿಗೆ ಆಸರೆಯಾಗಿ ಇನ್ನೊಂದನ್ನು ನಿಲ್ಲಿಸುತ್ತಾ ಹೋದಂತೆ ಸರಿತಾಳಿಗೆ ಊಟ ಸೇರದಾಯಿತು. ಫೋನ್ ಸದ್ದಾದರೆ ಅವನದೇ ಎಂದು ಅಂಜುತ್ತಿದ್ದಳು. ಅದು ಅವನ ಫೋನ್ ಅಲ್ಲದಿದ್ದರೆ ನಿರಾಶೆಯಾಗುತ್ತಿತ್ತು.

ಅದೇ ಅವಳನ್ನು ಹೆಚ್ಚು ಹೆದರಿಸಿದ್ದು.

ಅವನು ಬರಿಗೈಯಲ್ಲಿ ಬರುತ್ತಿರಲಿಲ್ಲ. ನಿರ್ಣಾದ ನೆಂಟರ ಮನೆಯ ಅಟ್ಟದಿಂದ ಅರಗಿನ ಬಣ್ಣದ ಬಳೆ ಸ್ಟ್ಯಾಂಡೊಂದನ್ನು ಹುಡುಕಿ ತಂದ. ಇನ್ನೊಮ್ಮೆ ಕೊಕ್ಕು ಮುರಿದ ಮರದ ಬಾತುಕೋಳಿ. ಕೊಟ್ಟವರು ತನ್ನನ್ನು ಹುಚ್ಚನೆಂದು ತಿಳಿದರೆಂದು ಹೇಳುವಾಗ ಅವನಿಗೆ ಅದು ದೊಡ್ಡ ಬಿರುದು ಬಂದಂತಿತ್ತು. ಪ್ರತಿಯೊಂದನ್ನೂ ಕಿಟಕಿಯ ಹತ್ತಿರ ಒಯ್ದು, ಲ್ಯಾಬಿನಲ್ಲಿ ಸೀಸೆ ನೋಡುವಂತೆ ಬೆಳಕಿಗೆ ಹಿಡಿದು ತಿರುಗಿಸುತ್ತಿದ್ದ. ಇವನ್ನೆಲ್ಲ ಯಾಕೆ ಕೂಡಿಡುತ್ತೀರಿ ಎಂದು ಒಮ್ಮೆ ಕೇಳಿದ. ಯಾರೂ ಹೀಗೆ ಕೇಳಿರಲಿಲ್ಲ. ಕೇಳಿದವರೆಲ್ಲ ಬಯ್ಯಲೆಂದೇ ಕೇಳಿದ್ದರು.

“ಮಾಡಿದವರ ಹೆಸರು ಯಾರಿಗೂ ಗೊತ್ತಿಲ್ಲರಿ” ಎಂದಳು ಸರಿತಾ. “ದಿನಾ ರೊಟ್ಟಿ ಬಡದು, ಕಸಾ ಹೊಡದು, ಮ್ಯಾಲ ಇದನ್ನ ಮಾಡ್ಯಾರ. ಮಾಡು ಅಂತ ಯಾರೂ ಹೇಳಿರಂಗಿಲ್ಲ. ಅವರಿಗೆ ಬೇಕನಿಸಿತ್ತು. ಅದು ನನಗ ಭಾಳ ಸೇರ್ತದ.”

ಬಾತುಕೋಳಿಯನ್ನು ಕೆಳಗಿಡುವಾಗ ಅವನ ಬೆರಳು ಅವಳ ಬೆರಳಿಗೆ ತಾಕಿತು. ಇಬ್ಬರೂ ಒಟ್ಟಿಗೆ ಕೈ ಹಿಂದೆಗೆದರು, ಬಾತುಕೋಳಿ ಉರುಳಿಬಿತ್ತು. ಅಡುಗೆಮನೆಯಿಂದ ಕಮಳಾಬಾಯಿ ಏನಾಯಿತೆಂದು ಕೇಳಿದಳು. ಏನಿಲ್ಲ ಎಂದು ಇಬ್ಬರೂ ಒಂದೇ ಉಸಿರಿನಲ್ಲಿ ಹೇಳಿದರು. ಆಮೇಲೆ ಅವನ ತುಟಿಯ ತುದಿಯಲ್ಲಿ ಬಹಳ ಹೊತ್ತು ನಗುವೊಂದು ನಿಂತಿತ್ತು.

ಅವನು ಹೋದ ಮೇಲೆ ಸರಿತಾ ಒಳಗಿನ ಕೋಣೆಯ ಚಿಲಕ ತೆಗೆದು ಮಣಿಗಳ ಮುಂದೆ ಕೂತು ಅತ್ತಳು.

ಯಾಕೆಂದರೆ ಲೆಕ್ಕ ಕೂಡುತ್ತಿರಲಿಲ್ಲ. ಎರಡನೆಯ ಗಿಳಿಯೂ ಮೊದಲನೆಯದರ ಹಾಗೆಯೇ, ಕನ್ನಡಿಯಲ್ಲಿ ಕಂಡಂತೆ, ಎದುರುಬದುರು ಇದ್ದಿರಬೇಕೆಂದು ಅವಳು ಊಹಿಸಿದ್ದಳು. ಎಲ್ಲ ಮನೆಗಳ ಜೋಡಿಗಿಳಿಯೂ ಹಾಗೆಯೇ ಇರುತ್ತವೆ. ಹಾಗೆಂದು ಕಟ್ಟಲು ಕೂತರೆ ಹಳದಿ ಮಣಿಯೇ ಇಲ್ಲ. ಹಣ್ಣಿಗೆ ಏನು ಮಾಡುವುದು? ಅದರ ಬದಲು ಹಿಡಿತುಂಬ ಕೆಂಪು ಮಣಿ ಉಳಿದಿದ್ದವು. ಕೊಕ್ಕಿಗೆ ಅಷ್ಟು ಕೆಂಪು ಬೇಡ. ತೊಳೆದಾಗ ಆ ಕೆಂಪು ಹೇಗೆ ಹೊಳೆಯಿತೆಂದರೆ ಅವಳಿಗೆ ಅದನ್ನು ನೋಡಲೂ ಅಂಜಿಕೆಯಾಯಿತು. ಎರಡನೆಯ ಗಿಳಿ ಬೇರೆಯೇ ಇತ್ತು. ಹೇಗಿತ್ತೆಂದು ಗೊತ್ತಿರುವವಳು ಈ ಭೂಮಿಯ ಮೇಲೆ ಒಬ್ಬಳೇ.

ಕೊನೆಗೆ ತಡೆಯಲಾರದೆ ಫೋನಿನಲ್ಲಿ ಅವನನ್ನೇ ಕೇಳಿದಳು, ಮಾತಿನ ನಡುವೆ ಸುಮ್ಮನೆ ನೆನಪಾದಂತೆ: ಎರಡೂ ಗಿಳಿ ಒಂದೇ ಥರ ಇದ್ದವೇ?

ಅವನಿಗೆ ಆ ಪ್ರಶ್ನೆಯೇ ವಿಚಿತ್ರವೆನಿಸಿತು.

“ಗಿಳಿ ಅಂದ್ರ ಗಿಳಿ, ಹಸಿರು ಇತ್ತು. ನಾ ಅಷ್ಟೇ ನೋಡೇನಿ. ನೀವು ಕೈಯಾಗ ಹಿಡದು ನೋಡಿದವರಲ್ಲೇನ್ರಿ?”

ಹೌದು, ಹೌದು, ಮರೆತುಹೋಗಿತ್ತು ಎಂದು ಹೇಳಿ ಫೋನ್ ಇಟ್ಟಳು.

ಮರುವಾರ ಭಾನುವಾರಕ್ಕೆ ಮುಂಚೆಯೇ, ಬುಧವಾರ ಸಂಜೆ, ಅವನು ಬಂದ. ಕಮಳಾಬಾಯಿ ಕೆಳಗಿನ ಮನೆಯವರೊಡನೆ ಮಾತಾಡುತ್ತ ಕೂತಿದ್ದಳು. ಈ ಬಾರಿ ಅವನ ಕೈಯಲ್ಲಿ ಏನೂ ಇರಲಿಲ್ಲ. ಕೂಡ್ರಿ ಅಂದರೂ ಕೂಡಲಿಲ್ಲ. ಆಪರೇಷನ್ನಿಗೆ ಮೊದಲಿನ ತಪಾಸಣೆಗೆಂದು ಅಜ್ಜಿಯನ್ನು ಕಲಬುರ್ಗಿಗೆ ಕರೆದುಕೊಂಡು ಹೋಗಿದ್ದನಂತೆ. ನಿಮಗೆ ತೊಂದರೆ ತಪ್ಪಲಿ ಎಂದು, ಆಯಿಯನ್ನು ಆಸ್ಪತ್ರೆಯ ಬೆಂಚಿನ ಮೇಲೆ ಕೂಡಿಸಿ, ಸ್ಟೇಷನ್ ಹತ್ತಿರದ ಕಟ್ಟು ಹಾಕುವ ಅಂಗಡಿಗಳನ್ನೆಲ್ಲ ಸುತ್ತಿದೆ ಎಂದ. ಗಿಳಿಯ ಪಟ ಯಾರೂ ನೋಡಿರಲಿಲ್ಲ. ಯಾರಿಗೂ ಜ್ವರವೂ ಬಂದಿರಲಿಲ್ಲ.

“ಮಾರೀರೇನು?” ಎಂದು ಕೇಳಿದ. ದನಿ ಏರಿರಲಿಲ್ಲ. “ಮಾರಿದ್ರ ಯಾರಿಗೆ ಅಂತ ಹೇಳ್ರಿ, ನಾ ಅವರ ಕಾಲು ಹಿಡದು ತರ್ತೇನಿ. ನಿಮ್ಮನ್ನ ಏನೂ ಅನ್ನಂಗಿಲ್ಲ.”

ಸರಿತಾ ಒಳಗಿನ ಕೋಣೆಯ ಬಾಗಿಲು ತೆರೆದಳು.

ಅವನು ನೋಡಿದ. ಒಂದು ಗಿಳಿ ಹೊಸ ದಾರದಲ್ಲಿ, ಬಿಗಿಯಾಗಿ, ಮಿಂಚುತ್ತ. ಪಕ್ಕದಲ್ಲಿ ಮೂರು ಸ್ಟೀಲ್ ಬಟ್ಟಲು. ಹಸಿರು, ಬಿಳಿ, ಕೆಂಪು. ಅವನು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಕೆಂಪು ಬಟ್ಟಲಿಗೆ ಬೆರಳಿಟ್ಟ. ಅವಳು ಎಲ್ಲ ಹೇಳಿದಳು, ಆ ಮೊದಲ ಭಾನುವಾರದ ಬೆಳಗಿನಿಂದ. ಹೇಳುತ್ತ ಹೋದಂತೆ ತನ್ನ ಕಿವಿಗೇ ತಾನು ಕಳ್ಳಿಯಂತೆ ಕೇಳಿಸಿದಳು.

“ದಾರ ಹಳೇದಿತ್ತು, ಹರೀತು” ಎಂದ ಕೊನೆಗೆ. “ಅದಕ್ಕ ನಾ ಏನ್ ಅಂತಿದ್ದೆ? ಅವತ್ತೇ ಹೇಳಿದ್ರ ನಿಮ್ ಜೋಡಿ ನಾನೂ ಮಣಿ ಆರಸ್ತಿದ್ದೆ.”

ಅವಳು ತಲೆ ತಗ್ಗಿಸಿದಳು.

ಅವನು ಎದ್ದ. ಹೊಸ್ತಿಲ ಹತ್ತಿರ ತಿರುಗಿ ನಿಂತ. “ಇಷ್ಟು ದಿನ ನಾ ಬರ್ತಿದ್ದದ್ದು ಬರೇ ಗಿಳಿ ಸಲುವಾಗಿ ಅಂತ ತಿಳಕೊಂಡಿದ್ರೇನು ನೀವು?”

ಅದಕ್ಕೆ ಉತ್ತರ ಅವಳ ನಾಲಿಗೆಯ ತುದಿಯಲ್ಲಿತ್ತು. ಆದರೆ ಇಷ್ಟು ಸುಳ್ಳು ಹೇಳಿದ ಬಾಯಿಂದ ಈಗ ಅದನ್ನು ಹೇಳಿದರೆ ಅದೂ ಸುಳ್ಳಿನಂತೆಯೇ ಕೇಳಿಸುತ್ತದೆ ಅನ್ನಿಸಿತು. ಅವನು ಹೋದ.

ಭಾನುವಾರ ಬಂತು, ಬೈಕ್ ಬರಲಿಲ್ಲ. ಕಮಳಾಬಾಯಿ ಎರಡು ಸಲ ಬಾಲ್ಕನಿಗೆ ಹೋಗಿ ಬಂದು, ಆ ಹುಮನಾಬಾದಿನ ಹುಡುಗ ಯಾಕೆ ಬರಲಿಲ್ಲ ಎಂದು ಕೇಳಿದಳು. ಮಗಳ ಮುಖ ನೋಡಿ ಮುಂದೆ ಕೇಳಲಿಲ್ಲ. ಈ ಕೋಣೆ ನೋಡಿ ಒಬ್ಬರು ಬಿಟ್ಟುಹೋದಾಗ ಸರಿತಾಳಿಗೆ ಇಷ್ಟು ನೋವಾಗಿರಲಿಲ್ಲ. ಆಗ ತಪ್ಪು ಅವರದಾಗಿತ್ತು.

ಶಿವರಾತ್ರಿ ಮುಗಿಯಿತು. ಇನ್ನು ತಡಮಾಡಿದರೆ ಅಜ್ಜಿಯ ಕಣ್ಣು ತೆರೆದಾಗ ಗೋಡೆ ಖಾಲಿಯೇ ಇರುತ್ತದೆ. ಶಾಲೆಗೆ ರಜೆ ಹಾಕಿ, ಹೆಣೆದ ಗಿಳಿಯನ್ನೂ ಉಳಿದ ಮಣಿಗಳನ್ನೂ ಒಂದು ಸಿಹಿತಿಂಡಿ ಡಬ್ಬಿಯಲ್ಲಿಟ್ಟುಕೊಂಡು ಸರಿತಾ ಹುಮನಾಬಾದ್ ಬಸ್ಸು ಹತ್ತಿದಳು. ಡಬ್ಬಿಯನ್ನು ತೊಡೆಯ ಮೇಲೆ ಎರಡೂ ಕೈಯಿಂದ ಹಿಡಿದು ಕೂತಳು. ರಾಜೇಶ್ವರ ದಾಟುವಾಗ ಇಳಿದು ಹಿಂದಿರುಗಿಬಿಡಲೇ ಎಂದು ಒಮ್ಮೆ ಎದ್ದು ನಿಂತಳು ಕೂಡ. ಪಕ್ಕದ ಹೆಂಗಸು, ನಿಮ್ಮ ಊರು ಬಂತೇ ಎಂದು ಕೇಳಿದ್ದಕ್ಕೆ ಮತ್ತೆ ಕೂತಳು.

ಹುಮನಾಬಾದಿನಲ್ಲಿ, ಅವನು ಹಿಂದೊಮ್ಮೆ ಹೇಳಿದ್ದ ಧಾನ್ಯದ ಮಾರ್ಕೆಟ್ಟಿನ ಹಿಂದಿನ ಓಣಿ. ಗಾಳಿಯಲ್ಲಿ ಹೊಸ ತೊಗರಿಯ ಧೂಳು. ಮನೆ ತೋರಿಸಲು ಯಾರೂ ಬೇಕಾಗಲಿಲ್ಲ. ಆ ಓಣಿಯಲ್ಲಿ ಹೊಸ ಬಣ್ಣದ ಮನೆ ಅದೊಂದೇ. ಪ್ರೇಮಕುಮಾರ ಕೆಲಸಕ್ಕೆ ಹೋಗಿರುತ್ತಾನೆಂದು ಲೆಕ್ಕ ಹಾಕಿಯೇ ಬಂದಿದ್ದಳು. ಬಾಗಿಲು ತೆರೆದವನು ಅವನೇ. ಆ ವಾರ ಅವನಿಗೆ ಎರಡನೆಯ ಪಾಳಿ. ಅವಳನ್ನು ನೋಡಿ, ಡಬ್ಬಿ ನೋಡಿ, ಪಕ್ಕಕ್ಕೆ ಸರಿದ.

ಭೀಮಬಾಯಿ ಪಡಸಾಲೆಯ ಮಂಚದ ಮೇಲಿದ್ದಳು. ಸಣ್ಣ ಮೈಯ, ನೆಟ್ಟಗೆ ಕೂತ ಮುದುಕಿ. ಕಣ್ಣಿನ ಗುಡ್ಡೆಯ ಮೇಲೆ ಹಾಲಿನ ಕೆನೆಯಂಥ ಪೊರೆ. ಯಾರು ಎಂದಳು. ನಿಮ್ಮ ಗಿಳಿ ಕೆಡಿಸಿದವಳು ಎಂದು ಸರಿತಾ ಹೇಳಿದಳು. ದಾರಿಯುದ್ದಕ್ಕೂ ಯೋಚಿಸಿದ್ದ ಮಾತುಗಳೆಲ್ಲ ಹೋಗಿ ಉಳಿದದ್ದು ಅದೊಂದೇ.

ಮುದುಕಿ ಕೈ ಚಾಚಿದಳು. ಸರಿತಾ ಹೆಣೆದ ಗಿಳಿಯನ್ನು ಆ ಅಂಗೈ ಮೇಲಿಟ್ಟಳು. ಬೆರಳುಗಳು ಕೊಕ್ಕಿನಿಂದ ಬಾಲದವರೆಗೆ ಹೋದವು, ಮತ್ತೆ ಬಂದವು.

“ಇದು ನಂದೇ” ಎಂದಳು. “ದಾರ ಬ್ಯಾರೆ. ಇನ್ನೊಂದೆಲ್ಲಿ?”

ಸರಿತಾ ಡಬ್ಬಿಯಲ್ಲಿನ ಮಣಿ ಪೊಟ್ಟಣಗಳನ್ನು ಒಂದೊಂದಾಗಿ ಬಿಚ್ಚಿ ಮುಟ್ಟಿಸಿದಳು. ಬಿಡಿ ಮಣಿಗಳೊಳಗೆ ಆ ಬೆರಳು ಇಳಿದಾಗ ಭೀಮಬಾಯಿಯ ಮುಖ ಕಲ್ಲಿನಂತಾಯಿತು. ಬಾಗಿಲ ಹತ್ತಿರ ನಿಂತಿದ್ದ ಪ್ರೇಮಕುಮಾರ ಒಂದು ಹೆಜ್ಜೆ ಮುಂದೆ ಬಂದ.

“ಒಂದೂ ಕಳದಿಲ್ಲೇನು?” ಎಂದು ಕೇಳಿದಳು ಮುದುಕಿ.

ಇಲ್ಲ ಎನ್ನುವುದು ಎಷ್ಟು ಸುಲಭವಿತ್ತು. “ಕಳದಾವ್ರಿ ಆಯಿ. ಹಸಿರುವು ಒಂದಿಷ್ಟು ಸಿಗಲೇ ಇಲ್ಲ. ಕೆಂಪು ಎಲ್ಲಾ ಸಿಕ್ಕಾವ. ಆದ್ರ ಕೆಂಪು ಎಲ್ಲಿಗೆ ಅಂತ ನನಗ ತಿಳೀವಲ್ದು.”

ಭೀಮಬಾಯಿ ಕೆಂಪು ಮಣಿಗಳನ್ನು ಬೊಗಸೆಯಲ್ಲಿ ತೆಗೆದುಕೊಂಡಳು. ಆಮೇಲೆ ಭುಜ ಕುಲುಕಿತು. ಅಳುತ್ತಿದ್ದಾಳೆಂದು ಸರಿತಾ ತಿಳಿದಳು. ಮುದುಕಿ ನಗುತ್ತಿದ್ದಳು.

“ಮೆಣಸಿನಕಾಯಿ ಅದು, ತಂಗಿ.”

ಬೇಮಳಖೇಡದ ತವರಿನಲ್ಲಿ, ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ, ಅವಳ ಮದುವೆ ಗೊತ್ತಾಗಿತ್ತು. ಹುಡುಗನನ್ನು ಅವಳು ಕಂಡಿರಲಿಲ್ಲ, ಯಾರೂ ಅವಳನ್ನು ಕೇಳಿರಲಿಲ್ಲ. ಹುಡುಗಿ ಜಾಣೆ ಎಂದು ಬೀಗರಿಗೆ ತೋರಿಸಲು ಗಿಳಿಯ ಪಟ ಹೆಣೆಯಬೇಕೆಂದು ತಾಯಿ ಕೂಡಿಸಿದ್ದಳು.

“ಒಂದು ಗಿಳಿ ಅವ್ವ ಹೇಳಿದಂಗ ಹೆಣದೆ, ಬಾಯಾಗ ಹಣ್ಣು ಕೊಟ್ಟೆ. ಎರಡನೇದಕ್ಕ ಬಂದಾಗ ಸಿಟ್ಟು ನೆತ್ತಿಗೇರ್ತು. ಅದರ ಮಾರಿ ಹಿಂದಕ್ಕ ತಿರುವಿಬಿಟ್ಟೆ. ಬಾಯಾಗ ಕೆಂಪು ಮೆಣಸಿನಕಾಯಿ ಇಟ್ಟೆ. ಆ ಹುಡುಗನ ಕಡಿ ನೋಡಂಗಿಲ್ಲ, ನೋಡಿದ್ರ ಖಾರೇ ಅಂತ. ಇಲ್ಲಿಗೆ ಬಂದ ಮ್ಯಾಲ ಎಲ್ಲಾರೂ, ಗಿಳಿ ರೆಕ್ಕಿ ಕೆರಕೊಳ್ಳಾಕತ್ತದ, ಛಂದ ಮಾಡ್ಯಾಳ ಅಂದ್ರು. ಒಬ್ಬರಿಗೂ ತಿಳೀಲಿಲ್ಲ.”

“ನಿಮ್ಮ ಮನಿಯವರಿಗೆ?” ಎಂದಳು ಸರಿತಾ.

“ಅಂವಗ ತಿಳೀತು. ಮದಲ್ನೇ ದಿನಾನೇ ಅದರ ಮುಂದ ನಿಂತು ನಕ್ಕ. ಮೆಲ್ಲಗ ನನ್ನ ಕಿವ್ಯಾಗ, ನನಗ ಖಾರ ನಡೀತದ ಅಂದ.”

ಪ್ರೇಮಕುಮಾರ ಗೋಡೆಗೆ ಒರಗಿದ್ದ. ಹುಟ್ಟಿದಾಗಿನಿಂದ ಆ ಪಟದ ಪಕ್ಕದಲ್ಲೇ ಓಡಾಡಿದವನು ಈ ಕಥೆ ಮೊದಲ ಸಲ ಕೇಳುತ್ತಿದ್ದ.

ಅಂದಿನಿಂದ ಸರಿತಾ ಶಾಲೆ ಬಿಟ್ಟೊಡನೆ ಹುಮನಾಬಾದಿಗೆ ಬರತೊಡಗಿದಳು. ಭೀಮಬಾಯಿ ಹೇಳುವಳು, ಇವಳು ಪೋಣಿಸುವಳು. ಕತ್ತು ಇಷ್ಟು ತಿರುಗಬೇಕು, ಕಣ್ಣು ಇಲ್ಲಿ ಬರಬೇಕು ಎಂದು ಮುದುಕಿ ಅವಳ ಕೈಹಿಡಿದೇ ತೋರಿಸುವಳು. ಆಪರೇಷನ್ ಹತ್ತಿರ ಬಂದಂತೆ ಸೂಜಿ ಹೆಚ್ಚೆಚ್ಚು ತಪ್ಪುತ್ತಿತ್ತು. ಪಾಳಿ ಬದಲಾದ ಮೇಲೆ ಪ್ರೇಮಕುಮಾರನೂ ಪಕ್ಕದಲ್ಲಿ ಕೂತು ಬಣ್ಣ ಬಣ್ಣದ ಮಣಿ ಎಣಿಸಿ ಕೊಡತೊಡಗಿದ. ಬೇಕಾದಷ್ಟೇ ಮಾತು. ಆದರೆ ಒಂದು ಸಂಜೆ, ಕಳೆದ ಹಸಿರು ಮಣಿಗೆ ಬದಲಾಗಿ ಹೈದರಾಬಾದಿನಿಂದ ಯಾರ ಕೈಯಲ್ಲೋ ತರಿಸಿದ ಪುಟ್ಟ ಪೊಟ್ಟಣವನ್ನು ಅವಳ ಮುಂದಿಟ್ಟ. ಬೆಳಕಿಗೆ ಹಿಡಿದು ಹೋಲಿಸಿಯೇ ತರಿಸಿದ್ದೇನೆ ಎಂದ. ಅವಳು ತಲೆಯೆತ್ತಿದಾಗ ಅವನು ಪೊಟ್ಟಣವನ್ನು ನೋಡುತ್ತಿರಲಿಲ್ಲ.

ಪಟ ಮುಗಿದ ಮರುದಿನ ಆಪರೇಷನ್. ಅದರಾಚೆಯ ಸಂಜೆ ಅವನ ಫೋನ್ ಬಂತು, ಆಯಿ ಮನೆಗೆ ಬಂದಿದ್ದಾಳೆ, ಟೀಚರ್ ಬಂದ ಮೇಲೆಯೇ ಗೋಡೆ ನೋಡುವೆ ಎಂದು ಕರೀ ಕನ್ನಡಕ ಹಾಕಿಕೊಂಡು ಹಟಹಿಡಿದು ಕೂತಿದ್ದಾಳೆ ಎಂದು. ಮರುದಿನ ಮುಂಜಾನೆಯೇ ಸರಿತಾ ಓಡಿದಳು.

ಭೀಮಬಾಯಿ ಗೋಡೆಯ ಮುಂದೆ ನಿಂತು ಕನ್ನಡಕವನ್ನು ತುಸು ಕೆಳಗಿಳಿಸಿದಳು. ಮೊದಲನೆಯ ಗಿಳಿ ನೋಡಿದಳು. ಎರಡನೆಯದರ ಮುಂದೆ ಬಹಳ ಹೊತ್ತು ನಿಂತಳು. ಆಮೇಲೆ ಬೆರಳಿನಿಂದ ಬಾಲದ ಕೆಳಗಿನ ಒಂದು ಸಾಲು ತೋರಿಸಿದಳು. ಅಲ್ಲಿ ಬಿಳಿ ಬರಬೇಕಾದಲ್ಲಿ ಹಸಿರು ಬಂದಿತ್ತು.

ಸರಿತಾಳ ಮುಖ ಬಾಡಿತು. ಈಗಲೇ ಬಿಚ್ಚಿ ಸರಿಮಾಡುತ್ತೇನೆ ಎಂದಳು. ಮುದುಕಿ ಅವಳ ಕೈಹಿಡಿದು ತಡೆದಳು. ಪೊರೆಯಿಲ್ಲದ ಕಣ್ಣಿನಿಂದ ಅವಳ ಮುಖವನ್ನು ಮೊದಲ ಸಲ ನೋಡಿದಳು, ಹಣೆಯಿಂದ ಗಲ್ಲದವರೆಗೆ.

“ಇರಲಿ ಬಿಡು. ಆ ಸಾಲು ನಿಂದು.”

ಪ್ರೇಮಕುಮಾರ ಅವಳನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ಬಂದ. ಕಲ್ಯಾಣದ ಬಸ್ಸು ನಿಂತಿತ್ತು. ಇನ್ನು ಹುಮನಾಬಾದಿಗೆ ಬರಲು ತನಗೆ ಯಾವ ನೆಪವೂ ಉಳಿದಿಲ್ಲ ಎಂಬುದು ಸರಿತಾಳಿಗೆ ಅಲ್ಲಿ, ಆ ಬಿಸಿಲಲ್ಲಿ, ಒಮ್ಮೆಲೇ ಹೊಳೆಯಿತು.

“ಅವತ್ತು ನೀವು ಒಂದು ಮಾತು ಕೇಳಿದ್ರಿ” ಎಂದಳು. “ನಾ ಉತ್ತರ ಕೊಡ್ಲಿಲ್ಲ.”

“ಹೌದ್ರಿ, ಕೊಡ್ಲಿಲ್ಲ.”

“ನೀವು ಗಿಳಿ ಸಲುವಾಗಿ ಅಷ್ಟೇ ಬರ್ತಿಲ್ಲ ಅಂತ ನನಗ ಬಾತುಕೋಳಿ ಬಿದ್ದಾಗೇ ಗೊತ್ತಾಗಿತ್ತು. ಅದಕ್ಕೇ ಹೇಳಾಕ ಅಂಜಿದೆ. ಖರೇ ಹೇಳಿದ ಮ್ಯಾಲ ನೀವು ಬರೂದು ಬಿಟ್ರ, ನನಗ ಭಾನುವಾರ ಹ್ಯಾಂಗ ಕಳೀಬೇಕು ಅಂತ.”

ಅವನು ಬೈಕಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತಿದ್ದವನು ನಿಲ್ಲಿಸಿದ.

“ಇದು ಖರೇ ಏನ್ರಿ?”

“ಖರೇ.”

“ನಮ್ಮ ಮ್ಯಾಲಿನ ಕೋಣಿ ಖಾಲಿ ಅದ” ಎಂದ ಅವನು, ಬಸ್ಸಿನ ಕಡೆ ನೋಡುತ್ತ. ಕಿವಿಯ ತುದಿ ಕೆಂಪಾಗಿತ್ತು. “ಗ್ವಾಡಿಗೆ ಒಂದು ಮೊಳಿ ಸೈತ ಹೊಡದಿಲ್ಲ. ನಿಮ್ಮ ಸಾಮಾನಿಗೆ ಎಷ್ಟು ಮೊಳಿ ಬೇಕಾಗ್ತಾವ?”

ಸರಿತಾಳಿಗೆ ಅದು ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ಮೊದಲು ನೆನಪಾದದ್ದು ತಾಯಿ. ಅವ್ವನಿಗೆ ಹೇಗೆ ಹೇಳುವುದು, ಅವಳು ಏನನ್ನುತ್ತಾಳೆ, ಅವನ ಮನೆಯವರು ಆ ಕೋಣೆ ನೋಡಿ ಏನನ್ನುತ್ತಾರೆ ಎಂದು ಹಳೆಯ ಅಂಜಿಕೆಯೆಲ್ಲ ಸಾಲುಗಟ್ಟಿ ಬಂತು.

“ಭಾಳ ಬೇಕಾಗ್ತಾವ್ರಿ” ಎಂದಳು. “ಅವ್ವಗ ಹ್ಯಾಂಗ ಹೇಳಲಿ ಅಂತ ತಿಳೀವಲ್ದು.”

ಕಂಡಕ್ಟರ್ ಸೀಟಿ ಊದಿದ. ಪ್ರೇಮಕುಮಾರ ಬೈಕನ್ನು ಚಹಾದಂಗಡಿಯ ಬದಿಗೆ ತಳ್ಳಿ ನಿಲ್ಲಿಸಿ, ಕೀಲಿಯನ್ನು ಜೇಬಿಗಿಳಿಸಿ, ಅವಳ ಹಿಂದೆಯೇ ಬಸ್ಸು ಹತ್ತಿದ. ಅವ್ವನಿಗೆ ನಾನೇ ಹೇಳುತ್ತೇನೆ, ನೀವು ಪಕ್ಕದಲ್ಲಿ ನಿಂತರೆ ಸಾಕು ಎಂದ. ಹಾಗೆಂದವನ ದನಿಯೂ ನಡುಗುತ್ತಿತ್ತು. ಅದನ್ನು ಕೇಳಿ ಅವಳಿಗೆ ವಿಚಿತ್ರವಾದ ಸಮಾಧಾನವಾಯಿತು.

“ಎರಡು ಕಲ್ಯಾಣ” ಎಂದು ಅವನು ಕಂಡಕ್ಟರಿಗೆ ನೋಟು ಚಾಚಿದ.

“ಅಕ್ಕಾರಿಗೆ ಫ್ರೀ ಅದರಿ, ಆಧಾರ್ ತೋರಿಸಿದ್ರ ಸಾಕು. ನಿಮಗಷ್ಟೇ ಒಂದು.”

“ಆಗ್ಲಿ” ಎಂದ ಪ್ರೇಮಕುಮಾರ, ಅವಳ ಕೈಯಿಂದ ಕಾರ್ಡು ತೆಗೆದುಕೊಂಡು ಮುಂದೆ ಹಿಡಿಯುತ್ತ. “ಆದ್ರ ಇಬ್ಬರದೂ ಕೂಡೇ ಕೊಡ್ರಿ.”